ಗುಂಡು ತಲುಪಬೇಕಾದ ಜಾಗ

1907ರಲ್ಲಿ ಚಂಪಾವತದ ಹೆಣ್ಣುಹುಲಿಯನ್ನು ಕೊಂದ ಮೇಲೆ ಜಿಮ್ ಕಾರ್ಬೆಟ್ ಅದರ ಬಾಯಿ ಬಿಡಿಸಿ ನೋಡಿದರು. ಬಲಗಡೆಯ ಎರಡೂ ಕೋರೆಹಲ್ಲು ಮುರಿದಿದ್ದವು. ಮೇಲಿನದು ಅರ್ಧಕ್ಕೆ ತುಂಡಾಗಿತ್ತು, ಕೆಳಗಿನದು ಬುಡದ ಮೂಳೆಯವರೆಗೂ ಹೋಗಿತ್ತು. ಎಂದೋ ತಗುಲಿದ ಗುಂಡಿನ ಗುರುತು ಅದು. ಕಾಡಿನ ಪ್ರಾಣಿಯನ್ನು ಹಿಡಿದು ಕೊಲ್ಲಲಾಗದೆ ಆ ಹುಲಿ ಮನುಷ್ಯರ ಕಡೆ ತಿರುಗಿತು. ನೇಪಾಳ ಮತ್ತು ಕುಮಾವೂನಿನಲ್ಲಿ ಸೇರಿ 436 ಜನ ಅದಕ್ಕೆ ಬಲಿಯಾದರೆಂದು ಕಾರ್ಬೆಟ್ ಬರೆದಿದ್ದಾರೆ. ಹುಲಿ ನರಭಕ್ಷಕವಾಗುವುದಕ್ಕೆ ಅವರು ಮುಖ್ಯವಾಗಿ ಹೇಳುವ ಕಾರಣಗಳು ಎರಡು: ಮುಳ್ಳುಹಂದಿಯ ಮುಳ್ಳು, ಇಲ್ಲವೇ ಅಜಾಗರೂಕತೆಯಿಂದ ಹೊಡೆದು, ಆಮೇಲೆ ಹುಡುಕಿ ಮುಗಿಸದೆ ಬಿಟ್ಟ ಗುಂಡು.

ಹಾಗೆ ಅರೆಬರೆ ತಾಗಿದ ಗುಂಡಿನಿಂದಲೇ ಈ ಬರಹ ಶುರುವಾಗಬೇಕು. ಬೇಟೆಯ ಕಥೆಗಳನ್ನು ಓದಿ ಬೆಳೆದ ನಮಗೆ ಕೋವಿಯ ಹೆಸರುಗಳು ಬಾಯಿಪಾಠ. ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರ್, ಕಾರ್ಬೆಟ್ಟರ .275 ರಿಗ್ಬಿ ಇವೆಲ್ಲ ತೇಜಸ್ವಿಯವರ ಅನುವಾದಗಳ ಮೂಲಕ ಮಲೆನಾಡಿನ ಮನೆಗಳಲ್ಲೂ ಮಾತಾಗಿವೆ. ಆದರೆ ಪ್ರಾಣಿಗೆ ತಾಗುವುದು ಕೋವಿಯಲ್ಲ, ಗುಂಡು. ಆ ಗುಂಡು ಎಂಥದ್ದು, ಎಷ್ಟು ತೂಕದ್ದು, ಯಾವುದರಿಂದ ಮಾಡಿದ್ದು ಎಂಬುದನ್ನು ನಾವು ಕೇಳಿದ್ದು ಕಡಿಮೆ. ನೂರೈವತ್ತು ವರ್ಷಗಳಲ್ಲಿ ಬೇಟೆಗಾರರು, ತೋಟಾ ತಯಾರಿಸುವವರು, ಕಾನೂನು ಮಾಡುವವರು ಈ ಒಂದು ಪ್ರಶ್ನೆಗೆ ತಲೆ ಕೆಡಿಸಿಕೊಂಡಿದ್ದಾರೆ. ಅವರು ಕಲಿತದ್ದರಲ್ಲಿ ನಮಗೂ ಬೇಕಾದದ್ದಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ದೊಡ್ಡ ಪ್ರಾಣಿ ಗುಂಡಿನ ಹೊಡೆತದ ರಭಸಕ್ಕೆ ಉರುಳುವುದಿಲ್ಲ. ಗುಂಡಿಗಿರುವ ನೂಕುಬಲ, ಹೊಡೆದವನ ಹೆಗಲಿಗೆ ಕೋವಿ ಕೊಡುವ ಒದೆತಕ್ಕಿಂತ ಹೆಚ್ಚಿನದಲ್ಲ. ಎಂಟುನೂರು ಕಿಲೋ ತೂಗುವ ಕಾಟಿಗೆ ಅದು ಲೆಕ್ಕಕ್ಕೇ ಇಲ್ಲ. ಪ್ರಾಣಿ ಸಾಯುವುದು ಎರಡು ದಾರಿಯಲ್ಲಿ. ಮಿದುಳು ಅಥವಾ ಬೆನ್ನುಹುರಿಗೆ ಪೆಟ್ಟಾದರೆ ನಿಂತಲ್ಲೇ ಕುಸಿಯುತ್ತದೆ. ಹೃದಯ, ಶ್ವಾಸಕೋಶ, ದೊಡ್ಡ ರಕ್ತನಾಳ ಹರಿದರೆ ರಕ್ತ ಸೋರಿ ಮಿದುಳಿಗೆ ಉಸಿರು ತಪ್ಪುತ್ತದೆ. ಅದಕ್ಕೆ ಕೆಲವು ಸೆಕೆಂಡುಗಳಾದರೂ ಬೇಕು. ಹೃದಯವೇ ಸೀಳಿಹೋದ ಜಿಂಕೆ ಐವತ್ತು, ನೂರು ಮೀಟರ್ ಓಡಿ ಬೀಳುವುದು ಬೇಟೆ ಬಲ್ಲವರಿಗೆ ಹೊಸದಲ್ಲ. ಈ ಎರಡೂ ಅಲ್ಲದ ಜಾಗಕ್ಕೆ, ಎಂದರೆ ಹೊಟ್ಟೆಗೆ, ತೊಡೆಗೆ, ದವಡೆಗೆ ತಗುಲಿದ್ದು ಗಂಟೆಗಟ್ಟಲೆ, ದಿನಗಟ್ಟಲೆ ನರಳಿಸುತ್ತದೆ. ಕೆಲವೊಮ್ಮೆ ಪ್ರಾಣಿ ಬದುಕಿಯೂ ಉಳಿಯುತ್ತದೆ, ಚಂಪಾವತದ ಹುಲಿಯ ಹಾಗೆ.

ಹಾಗಾಗಿ ಒಳ್ಳೆಯ ಗುಂಡಿನಿಂದ ಕೇಳಬೇಕಾದದ್ದು ಇಷ್ಟು: ತೊಗಲು, ಮಾಂಸ, ಮೂಳೆ ದಾಟಿ ಆ ಜಾಗದವರೆಗೆ ತಲುಪಬೇಕು, ದಾರಿಯಲ್ಲಿ ಚೂರಾಗಬಾರದು, ದಿಕ್ಕು ತಪ್ಪಬಾರದು, ತಲುಪಿದಲ್ಲಿ ಸಾಕಷ್ಟು ಅಗಲದ ಗಾಯ ಮಾಡಬೇಕು. ಮೊದಲನೆಯದಕ್ಕೂ ಕೊನೆಯದಕ್ಕೂ ಜಗಳವಿದೆ. ಆಳಕ್ಕೆ ಹೋಗುವ ಗುಂಡು ಕಿರಿದಾಗಿ, ಗಟ್ಟಿಯಾಗಿ ಇರಬೇಕು. ಅಗಲ ಗಾಯ ಮಾಡುವ ಗುಂಡು ಮೆದುವಾಗಿ ಅರಳಬೇಕು. ಯಾವ ಪ್ರಾಣಿಗೆ ಎಷ್ಟು ಆಳ, ಎಷ್ಟು ಅಗಲ ಎಂದು ನಿರ್ಧರಿಸುವುದೇ ತೋಟಾ ಆರಿಸುವ ವಿದ್ಯೆ.

ಕರಿಮದ್ದಿನ ಕಾಲದಲ್ಲಿ ಈ ಆಯ್ಕೆಗೆ ಹೆಚ್ಚು ಅವಕಾಶವಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಕೆಲಸದ ಹೊಣೆ ಹೊತ್ತು, ಚಾಮರಾಜನಗರದ ಸುತ್ತಿನ ಕಾಡುಗಳಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಕಾಲದ ಭಾರಿ ಕೋವಿಗಳ ಪರಿಚಯವಿದೆ. ಕರಿಮದ್ದಿನಿಂದ ಗುಂಡಿಗೆ ಒಂದು ಮಿತಿಗಿಂತ ಹೆಚ್ಚು ವೇಗ ಬರುವುದಿಲ್ಲ. ವೇಗ ಹೆಚ್ಚಿಸಲಾಗದಿದ್ದರೆ ತೂಕ ಹೆಚ್ಚಿಸಬೇಕು. ಹಾಗಾಗಿ ಆನೆ, ಕಾಟಿಗೆ ಎಂಟರ ಬೋರ್, ನಾಲ್ಕರ ಬೋರ್. ನಾಲ್ಕರ ಬೋರ್ ಎಂದರೆ ಒಂದು ಪೌಂಡ್ ಸೀಸದಲ್ಲಿ ನಾಲ್ಕೇ ಗುಂಡು. ಒಂದೊಂದೂ 113 ಗ್ರಾಂ. ಭಾರಿ ತೂಕದ ಆ ಕೋವಿಯನ್ನು ಹೊತ್ತು ಕಾಡಲ್ಲಿ ನಡೆಯುವುದೇ ಕಷ್ಟ. ಹೊಡೆದರೆ ಎದುರಿಗೆ ಹೊಗೆಯ ಮೋಡ, ಹೆಗಲಿಗೆ ಭಯಂಕರ ಒದೆತ. ಇಷ್ಟಾದರೂ ಶುದ್ಧ ಸೀಸದ ಗುಂಡು ಆನೆಯ ತಲೆಯ ಮೂಳೆಗೆ ತಗುಲಿ ಚಪ್ಪಟೆಯಾಗುತ್ತಿತ್ತು. ಅದಕ್ಕೆಂದೇ ಆಗಿನ ಶಿಕಾರಿಗಳು ಸೀಸಕ್ಕೆ ತವರ, ಪಾದರಸ ಬೆರೆಸಿ ಗಟ್ಟಿ ಮಾಡುತ್ತಿದ್ದರು. ಗಾತ್ರವೊಂದರಿಂದಲೇ ಕೆಲಸವಾಗುವುದಿಲ್ಲ ಎಂಬುದು ಅವರಿಗೆ ಆಗಲೇ ಗೊತ್ತಿತ್ತು.

1889ರಲ್ಲಿ ಬ್ರಿಟನ್ನಿನಲ್ಲಿ ಹೊಗೆಯಿಲ್ಲದ ಮದ್ದು, ಕಾರ್ಡೈಟ್, ಬಂತು. 1898ರಲ್ಲಿ ಜಾನ್ ರಿಗ್ಬಿ ಅದನ್ನು ತುಂಬಿದ .450 ನೈಟ್ರೋ ಎಕ್ಸ್‌ಪ್ರೆಸ್ ತೋಟಾ ತಂದರು. ಗುಂಡಿನ ತೂಕ 480 ಗ್ರೇನ್, ಎಂದರೆ 31 ಗ್ರಾಂ. ನಾಲ್ಕರ ಬೋರಿನ ಗುಂಡಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಸೆಕೆಂಡಿಗೆ 650 ಮೀಟರ್ ದಾಟುವ ವೇಗ, ಮೇಲೆ ಗಟ್ಟಿ ಲೋಹದ ಕವಚ. ಅದು ಆನೆಯ ತಲೆಬುರುಡೆಯೊಳಗೆ ದಾರಿ ಮಾಡಿಕೊಂಡು ಹೋಯಿತು. ಕೆಲವೇ ವರ್ಷಗಳಲ್ಲಿ ಬೋರ್ ಕೋವಿಗಳ ಕಾಲ ಮುಗಿಯಿತು.

ಇಲ್ಲಿ ನಮ್ಮ ದೇಶದ ಒಂದು ಸಂಗತಿ ಸೇರುತ್ತದೆ. 1907ರ ಸುಮಾರಿಗೆ ಬ್ರಿಟಿಷ್ ಸರ್ಕಾರ .450 ಅಳತೆಯ ತೋಟಾಗಳನ್ನು ಭಾರತಕ್ಕೂ ಸೂಡಾನಿಗೂ ತರಕೂಡದೆಂದು ನಿಷೇಧಿಸಿತು. ಹಳೆಯ ಮಾರ್ಟಿನಿ-ಹೆನ್ರಿ ಸೇನಾ ಕೋವಿಗಳ ಗುಂಡಿನ ಅಳತೆಯೂ ಅದೇ. ಬಂಡಾಯಗಾರರ ಕೈಗೆ ಆ ಗುಂಡು ಸಿಗಬಾರದೆಂಬ ಭಯ. ಭಾರತದ ಶಿಕಾರಿ ಮಾರುಕಟ್ಟೆಯನ್ನು ಬಿಟ್ಟುಕೊಡಲು ಲಂಡನ್ನಿನ ಕೋವಿ ತಯಾರಕರು ಸಿದ್ಧರಿರಲಿಲ್ಲ. ಅಳತೆಯನ್ನು ಅಷ್ಟಿಷ್ಟು ಬದಲಿಸಿ .465, .470, .475 ಎಂದು ಹೊಸ ತೋಟಾಗಳನ್ನು ಹೊರತಂದರು. ಇಂದಿಗೂ ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆಗಳ ಬೇಟೆಗೆ ಜೋಡುನಳಿಗೆ ರೈಫಲ್ ಹಿಡಿದವರ ನೆಚ್ಚಿನ ತೋಟಾ .470. ಅದು ಬೆಳೆದು ನಿಂತದ್ದರ ಹಿಂದೆ ಭಾರತದ ಒಂದು ಸರ್ಕಾರಿ ಆದೇಶವಿದೆ.

ಇದೇ ಹೊತ್ತಿಗೆ ಪೂರ್ವ ಆಫ್ರಿಕಾದಲ್ಲಿ ಒಬ್ಬ ಸ್ಕಾಟ್‌ಲೆಂಡಿನವನು ಈ ದೊಡ್ಡ ತೋಟಾಗಳ ವಾದವನ್ನೇ ತಲೆಕೆಳಗು ಮಾಡಿದ. ಡಬ್ಲ್ಯು. ಡಿ. ಎಂ. ಬೆಲ್, ಕರಮೋಜ ಸೀಮೆಯಲ್ಲಿ ಬೇಟೆಯಾಡಿ ಕರಮೋಜೋ ಬೆಲ್ ಎಂದೇ ಹೆಸರಾದವನು. ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಆ ಲೆಕ್ಕ ಇಂದು ಓದಿದರೆ ಹೊಟ್ಟೆ ತೊಳಸುತ್ತದೆ. ಅದನ್ನು ಸಾಹಸವೆಂದು ನಾನು ಹೇಳಲಾರೆ. ಆದರೆ ಗುಂಡಿನ ವಿಚಾರದಲ್ಲಿ ಅವನು ತೋರಿಸಿದ್ದನ್ನು ಪಕ್ಕಕ್ಕಿಡಲಾಗುವುದಿಲ್ಲ. ಆ ಆನೆಗಳಲ್ಲಿ ಹೆಚ್ಚಿನವನ್ನು ಅವನು ಕೊಂದದ್ದು .275 ರಿಗ್ಬಿಯಿಂದ. ಜರ್ಮನಿಯ 7 ಮಿಲಿಮೀಟರ್ ಮೌಸರ್ ಸೇನಾ ತೋಟಾಕ್ಕೆ ಬ್ರಿಟಿಷರು ಇಟ್ಟ ಹೆಸರದು. ಕಾರ್ಬೆಟ್ಟರಿಗೆ ಚಂಪಾವತದ ಹುಲಿ ಕೊಂದದ್ದಕ್ಕೆ ಬಹುಮಾನವಾಗಿ ಸಿಕ್ಕಿದ್ದೂ, 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಕೊಂದದ್ದೂ ಅದೇ ಅಳತೆಯ ರೈಫಲ್. ಬೆಲ್ಲನ ಗುಂಡು 173 ಗ್ರೇನ್, ಸುಮಾರು 11 ಗ್ರಾಂ.

11 ಗ್ರಾಮಿನ ಗುಂಡಿಗೆ ಐದು ಟನ್ನಿನ ಆನೆ ಹೇಗೆ ಸತ್ತಿತು? ಉತ್ತರ ಗುಂಡಿನ ಆಕಾರದಲ್ಲಿದೆ. ಗುಂಡಿನ ತೂಕವನ್ನು ಅದರ ಅಡ್ಡಳತೆಯ ವರ್ಗದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಇಂಗ್ಲಿಷರ ಲೆಕ್ಕದಲ್ಲಿ ತೂಕ ಪೌಂಡಿನಲ್ಲಿ, ಅಳತೆ ಇಂಚಿನಲ್ಲಿ. ಗುಂಡಿನ ಮೂತಿಯ ಒಂದೊಂದು ಚೂರು ಜಾಗದ ಹಿಂದೆ ಎಷ್ಟು ಭಾರ ಕೂತಿದೆ ಎಂಬುದನ್ನು ಅದು ಹೇಳುತ್ತದೆ. ಬೆಲ್ಲನ 7 ಮಿಲಿಮೀಟರ್ ಗುಂಡಿಗೆ ಆ ಸಂಖ್ಯೆ ಸುಮಾರು 0.306. ಆಫ್ರಿಕಾದ ದೊಡ್ಡ ಪ್ರಾಣಿಗಳಿಗೆ ಎಲ್ಲರೂ ಒಪ್ಪುವ, 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ಮಿನ 300 ಗ್ರೇನ್ ಗುಂಡಿಗೆ ಅದು 0.305. ಒಂದು ಉದ್ದ ಕಡ್ಡಿಯಂತೆ ಕಿರಿದು, ಇನ್ನೊಂದು ದಪ್ಪ. ಆದರೆ ಒಳಗೆ ತೂರುವ ಗುಣ ಹೆಚ್ಚುಕಡಿಮೆ ಒಂದೇ. ಆಂಡರ್ಸನ್ನರ .405 ವಿಂಚೆಸ್ಟರಿನ ಗುಂಡೂ 300 ಗ್ರೇನೇ. ಅಡ್ಡಳತೆ ಹೆಚ್ಚಾಗಿ, ಉದ್ದ ಕಡಿಮೆಯಾದ್ದರಿಂದ ಅದರ ಸಂಖ್ಯೆ 0.254ಕ್ಕೆ ಇಳಿಯುತ್ತದೆ. 1909ರಲ್ಲಿ ಆಫ್ರಿಕಾಕ್ಕೆ ಹೋದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಿಂಹಗಳಿಗೆ .405 ಪ್ರಯೋಗಿಸಿ ಹೊಗಳಿದ್ದರು. ಹುಲಿ, ಸಿಂಹ, ಚಿರತೆಗಳ ತೊಗಲು ತೆಳು, ಎದೆಗೂಡು ಹತ್ತಿರ. ಅಲ್ಲಿ ಅದು ಒಳ್ಳೆಯ ತೋಟಾವೇ. ಆನೆಯ ತಲೆಬುರುಡೆಗೆ ಅದೇ ಮಾತು ಹೇಳಲಾಗದು.

ಬೆಲ್ಲನಿಂದ ತಪ್ಪು ಪಾಠ ಕಲಿತವರೂ ಬಹಳ. ಸಣ್ಣ ತೋಟಾ ಸಾಕು ಎಂದು ಅವನನ್ನು ಉದಾಹರಿಸುವವರು ಉಳಿದದ್ದನ್ನು ಓದಿರುವುದಿಲ್ಲ. ಅವನು ಸತ್ತ ಆನೆಯ ತಲೆಯನ್ನು ಗರಗಸದಿಂದ ಸೀಳಿಸಿ, ಮಿದುಳು ಎಲ್ಲಿದೆ, ಯಾವ ಕೋನದಿಂದ ಎಷ್ಟು ಮೂಳೆ ಅಡ್ಡ ಬರುತ್ತದೆ ಎಂದು ನೋಡಿ ತಿಳಿದಿದ್ದ. ಆನೆಯ ಹಣೆಯ ಮೂಳೆ ತುಂಬ ದಪ್ಪ, ಒಳಗೆಲ್ಲ ಗಾಳಿ ತುಂಬಿದ ಗೂಡುಗೂಡು. ಮಿದುಳು ಅದರ ಹಿಂದೆ, ತಗ್ಗಿನಲ್ಲಿ. ಅರಳುವ ಗುಂಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಕ್ಕಾಗಿ ಅವನು ಬಳಸಿದ್ದು ಇಡೀ ಮೈಗೆ ಗಟ್ಟಿ ಲೋಹದ ಕವಚವಿರುವ, ಎಲ್ಲೂ ಅರಳದ ಸಾಲಿಡ್ ಗುಂಡು. ತೋಟಾ ಯಾವ ಕಾರ್ಖಾನೆಯದ್ದು ಎಂಬುದರಲ್ಲೂ ಅವನು ಕಟ್ಟುನಿಟ್ಟು. ಕೈಕೊಡುವ ತೋಟಾಗಳನ್ನು ಬಿಟ್ಟು ಜರ್ಮನಿಯ ಡಿ.ಡಬ್ಲ್ಯು.ಎಂ. ತೋಟಾಗಳನ್ನು ಆರಿಸಿಕೊಂಡ. ಕೋವಿಯ ಶಬ್ದವನ್ನೇ ಕೇಳದ ಹಿಂಡುಗಳ ಹತ್ತಿರ ನಿಧಾನವಾಗಿ ಸುಳಿದು, ಕೋನ ಸರಿಯಾಗುವವರೆಗೆ ಕಾಯುವ ಸಮಯ ಅವನಿಗಿತ್ತು. ಗುರಿಯಂತೂ ಅಸಾಮಾನ್ಯ. ಇವೆಲ್ಲ ಕೂಡಿದಾಗ ಮಾತ್ರ 11 ಗ್ರಾಂ ಸಾಕಾಯಿತು. ದಟ್ಟ ಪೊದೆಯೊಳಗಿಂದ ಹತ್ತು ಹೆಜ್ಜೆ ದೂರದಲ್ಲಿ ನುಗ್ಗಿ ಬರುವ ಕಾಡೆಮ್ಮೆಯ ಮುಂದೆ ಅದೇ ತೋಟಾ ಇಟ್ಟುಕೊಂಡು ನಿಲ್ಲಿ ಎಂದು ಯಾರಿಗೂ ಹೇಳಬಾರದು.

ಆಫ್ರಿಕಾದ ಹಲವು ದೇಶಗಳು ಈ ಅಪಾಯವನ್ನು ಕಾನೂನಿಗೇ ಸೇರಿಸಿವೆ. ನಮೀಬಿಯಾದಲ್ಲಿ ಸ್ಪ್ರಿಂಗ್‌ಬಾಕ್ ಜಿಂಕೆಗೆ ನಳಿಗೆಯ ಬಾಯಲ್ಲಿ 1,350 ಜೂಲ್ ಶಕ್ತಿಯ ತೋಟಾ ಸಾಕು. ಕುಡು, ಒರಿಕ್ಸ್‌ನಂಥ ದೊಡ್ಡ ಪ್ರಾಣಿಗಳಿಗೆ 2,700. ಆನೆ, ಕಾಡೆಮ್ಮೆಗೆ 5,400. .375ರ 300 ಗ್ರೇನ್ ಗುಂಡು ಸೆಕೆಂಡಿಗೆ 760 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 5,600 ಜೂಲ್ ಆಗುತ್ತದೆ. ಗೆರೆಯನ್ನು ಅದು ಸ್ವಲ್ಪದರಲ್ಲಿ ದಾಟುತ್ತದೆ. ಬೆಲ್ಲನ ತೋಟಾದ ಶಕ್ತಿ ಅದರ ಅರ್ಧದ ಆಸುಪಾಸು. ಇಂದು ಅವನು ಅಲ್ಲಿ ಆನೆಗೆ ಕೋವಿ ಎತ್ತುವಂತಿಲ್ಲ. ಜರ್ಮನಿಯಲ್ಲಿ ಸಣ್ಣ ರೋ ಜಿಂಕೆಗೆ ನೂರು ಮೀಟರಿನಲ್ಲಿ 1,000 ಜೂಲ್ ಉಳಿದಿರಬೇಕು. ಕೆಂಪು ಜಿಂಕೆ, ಕಾಡುಹಂದಿಗಳಿಗೆ 2,000 ಜೂಲ್, ಜೊತೆಗೆ ಗುಂಡಿನ ಅಳತೆ 6.5 ಮಿಲಿಮೀಟರಿಗೆ ಕಡಿಮೆ ಇರಕೂಡದು.

ಶಕ್ತಿಯ ಲೆಕ್ಕ ಉಪಯುಕ್ತ, ಆದರೆ ಪೂರ್ಣವಲ್ಲ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಹಾಗಾಗಿ ಹಗುರ ಗುಂಡನ್ನು ಅತಿವೇಗದಲ್ಲಿ ಹೊಡೆದು ಕಾಗದದ ಮೇಲೆ ದೊಡ್ಡ ಸಂಖ್ಯೆ ತೋರಿಸುವುದು ಸುಲಭ. ಆ ಗುಂಡು ಪ್ರಾಣಿಯ ಹೆಗಲ ಮೂಳೆಗೆ ತಾಗಿ ಪುಡಿಯಾದರೆ ಸಂಖ್ಯೆಯಿಂದ ಪ್ರಯೋಜನವಿಲ್ಲ. ಈ ವಿಷಯದಲ್ಲಿ ಸ್ವೀಡನ್ನಿನ ನಿಯಮವೇ ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ಅಲ್ಲಿ ಮೂಸ್, ಕರಡಿಯಂಥ ದೊಡ್ಡ ಪ್ರಾಣಿಗಳಿಗೆ ಗುಂಡು 9 ಗ್ರಾಂ ಇದ್ದರೆ ನೂರು ಮೀಟರಿನಲ್ಲಿ 2,700 ಜೂಲ್ ಬೇಕು. 10 ಗ್ರಾಂ ಅಥವಾ ಹೆಚ್ಚಿದ್ದರೆ 2,000 ಸಾಕು. ಭಾರದ ಗುಂಡು ಕಡಿಮೆ ಶಕ್ತಿಯಲ್ಲೂ ಆಳಕ್ಕೆ ಹೋಗುತ್ತದೆಂಬುದನ್ನು ಕಾನೂನೇ ಒಪ್ಪಿಕೊಂಡಿದೆ. 1894ರ ಹಳೆಯ 6.5 ಮಿಲಿಮೀಟರ್ ಸೇನಾ ತೋಟಾದಿಂದ ಸ್ವೀಡನ್ನಿನ ಬೇಟೆಗಾರರು ತಲೆಮಾರುಗಳಿಂದ ಮೂಸ್ ಹೊಡೆಯುತ್ತ ಬಂದಿದ್ದಾರೆ. ಅದರ 10 ಗ್ರಾಮಿನ ಉದ್ದ ಗುಂಡಿನ ಸಂಖ್ಯೆ 0.32, ಬೆಲ್ಲನ ಗುಂಡಿಗಿಂತಲೂ ಮೇಲು.

ಈಗ ಗುಂಡಿನ ಮೈಕಟ್ಟಿಗೆ ಬರೋಣ. ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದೇ. ಸಾಲಿಡ್ ಗುಂಡು ಆನೆಗೆ ಸರಿ. ಅದನ್ನೇ ಜಿಂಕೆಗೆ ಹೊಡೆದರೆ ಸಣ್ಣ ತೂತು ಮಾಡಿಕೊಂಡು ಈಚೆಯಿಂದ ಆಚೆ ಹೋಗಿಬಿಡುತ್ತದೆ. ಪ್ರಾಣಿ ದೂರ ಓಡಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಜೊತೆಗೆ ಗುಂಡು ಹಿಂದೆ ನಿಂತ ಇನ್ನೊಂದು ಪ್ರಾಣಿಗೋ ಮನುಷ್ಯನಿಗೋ ತಗುಲಬಹುದು. ಮೂತಿಯಲ್ಲಿ ಸೀಸ ಬಿಟ್ಟುಕೊಂಡ ಮೆದುಮೂತಿಯ ಗುಂಡು ಮಾಂಸಕ್ಕೆ ತಾಗಿದೊಡನೆ ಅರಳಿ, ಅಡ್ಡಳತೆ ಎರಡರಷ್ಟಾಗುತ್ತದೆ. ಇಂಥ ಅರಳುವ ಸೇನಾ ಗುಂಡಿಗೆ ಹೆಸರು ಕೊಟ್ಟದ್ದು ಕಲ್ಕತ್ತೆಯ ಬಳಿಯ ದಮ್‌ದಮ್ ಶಸ್ತ್ರಾಗಾರ. 1890ರ ದಶಕದಲ್ಲಿ ಅಲ್ಲಿ ಅದನ್ನು ತಯಾರಿಸಿದರು. ಅದು ಮಾಡುವ ಗಾಯದ ಭೀಕರತೆ ಕಂಡು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು. ಬೇಟೆಯಲ್ಲಿ ನಿಯಮ ಇದಕ್ಕೆ ತೀರ ವಿರುದ್ಧ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ರೈಫಲ್ಲಿನಲ್ಲಿ ಮೆದುಮೂತಿಯ ಅಥವಾ ಟೊಳ್ಳುಮೂತಿಯ ಗುಂಡನ್ನೇ ಬಳಸಬೇಕು. ಯುದ್ಧದಲ್ಲಿ ಸೈನಿಕ ಗಾಯಗೊಂಡು ಹೋರಾಟ ಬಿಟ್ಟರೆ ಸಾಕು, ಅವನಿಗೆ ವೈದ್ಯರಿದ್ದಾರೆ. ಕಾಡಿನ ಪ್ರಾಣಿಗೆ ವೈದ್ಯರಿಲ್ಲ; ಅದಕ್ಕೆ ಬೇಗ ಸಾವು ಬರುವುದೇ ದಯೆ.

ಆದರೆ ಮೆದುಗುಂಡಿಗೂ ಮಿತಿ ಇದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಒಂದು ದೊಡ್ಡ ಮೂಸಿಗೆ .300 ಮ್ಯಾಗ್ನಮ್ ತೋಟಾ ಹೊಡೆದ. ಅದರ ಮೈಗೆಲ್ಲ ಕೆಸರು ಮೆತ್ತಿ ಒಣಗಿತ್ತು. ಅತಿವೇಗದ ಗುಂಡುಗಳು ಮೇಲ್ಮೈಯಲ್ಲೇ ಸಿಡಿದುಹೋದವು, ಒಳಕ್ಕೆ ಇಳಿಯಲಿಲ್ಲ. ಮನೆಗೆ ಹೋಗಿ ಅವನು ಹೊಸ ಗುಂಡೊಂದನ್ನು ರೂಪಿಸಿದ. ತಾಮ್ರದ ಕವಚದ ನಡುವೆ ತಾಮ್ರದ್ದೇ ಒಂದು ಅಡ್ಡಗೋಡೆ, ಮುಂದೊಂದು ಹಿಂದೊಂದು ಸೀಸದ ತುಂಡು. ಮುಂದಿನ ಅರ್ಧ ಅರಳಿ ಅಗಲವಾಗುತ್ತದೆ. ಗೋಡೆಯವರೆಗೆ ಬಂದು ಅರಳುವುದು ನಿಲ್ಲುತ್ತದೆ. ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ನೂಕುತ್ತದೆ. 1948ರಲ್ಲಿ ಪಾರ್ಟಿಷನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದ ಆ ಗುಂಡು ಇವತ್ತಿಗೂ ಬಳಕೆಯಲ್ಲಿದೆ. ಆಮೇಲೆ ಸೀಸವನ್ನು ಕವಚಕ್ಕೆ ಬೆಸೆದು ಬೇರ್ಪಡದಂತೆ ಮಾಡಿದ ಗುಂಡುಗಳು ಬಂದವು. ಸೀಸವೇ ಇಲ್ಲದ, ಪೂರ್ತಿ ತಾಮ್ರದ ಗುಂಡುಗಳೂ ಬಂದವು. ಈ ಬದಲಾವಣೆಗಳ ಪರಿಣಾಮ ದೊಡ್ಡದು. ಒಳ್ಳೆಯ ಮೈಕಟ್ಟಿನ ಮಧ್ಯಮ ಅಳತೆಯ ಗುಂಡು, ಕಳಪೆ ಮೈಕಟ್ಟಿನ ದೊಡ್ಡ ಗುಂಡಿಗಿಂತ ನಂಬಿಕೆಗೆ ಅರ್ಹ. ತೋಟಾದ ಪೆಟ್ಟಿಗೆಯ ಮೇಲೆ ಅಳತೆಯನ್ನಷ್ಟೇ ನೋಡಿ ಕೊಳ್ಳುವವರು ಅತಿ ಮುಖ್ಯವಾದದ್ದನ್ನೇ ಓದುವುದಿಲ್ಲ.

ದೂರವನ್ನೂ ನೆನಪಿಡಬೇಕು. ಹತ್ತಿರದಲ್ಲಿ ಗುಂಡಿನ ವೇಗ ಹೆಚ್ಚು. ಮೆದುಗುಂಡು ಒಡೆಯುವ ಅಪಾಯ ಅಲ್ಲೇ. ದೂರ ಹೋದಂತೆ ವೇಗ ಇಳಿದು, ಗಟ್ಟಿ ಗುಂಡು ಅರಳದೆ ಹೋಗುತ್ತದೆ. ಹಾಗಾಗಿ ಬಯಲಿನ ತೋಟಾ ಬೇರೆ, ಪೊದೆಗಾಡಿನ ತೋಟಾ ಬೇರೆ.

ಸೆಕೆಯೂ ತೋಟಾವನ್ನು ಕೆಡಿಸಬಲ್ಲದು. ಕಾರ್ಡೈಟ್ ಮದ್ದು ಬಿಸಿಯಾದಂತೆ ಉರಿಯುವ ರಭಸ ಹೆಚ್ಚಿ, ನಳಿಗೆಯೊಳಗೆ ಒತ್ತಡ ಏರುತ್ತಿತ್ತು. ಲಂಡನ್ನಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ನಮ್ಮ ಬೇಸಿಗೆಯಲ್ಲಿ ಉಬ್ಬಿ, ಖಾಲಿ ಕೊಳವೆ ಹೊರಬಾರದೆ ಕಚ್ಚಿಕೊಳ್ಳುತ್ತಿತ್ತು. ಗಾಯಗೊಂಡ ಹುಲಿ ಎದುರಿಗಿದ್ದಾಗ ಹಾಗಾದರೆ ಏನು ಗತಿ? ಅದಕ್ಕೆಂದೇ ಬ್ರಿಟಿಷ್ ಕಂಪನಿಗಳು ಉಷ್ಣದೇಶಗಳಿಗೆ ಮದ್ದು ಕಡಿಮೆ ಮಾಡಿದ ತೋಟಾ ಬೇರೆಯಾಗಿ ತಯಾರಿಸಿದವು. ಮದ್ದಿನ ವಿಷಯದಲ್ಲಿ ಅಮೆರಿಕನ್ನರು ಕಲಿತ ಪಾಠ ಬೇರೆ. 1956ರಲ್ಲಿ ಬಂದ .458 ವಿಂಚೆಸ್ಟರ್ ಮ್ಯಾಗ್ನಮ್ಮಿನ ಕೊಳವೆ ಗಿಡ್ಡ. 500 ಗ್ರೇನ್ ಗುಂಡಿಗೆ ಬೇಕಾದ ಮದ್ದನ್ನು ಒತ್ತಿ ತುಂಬಬೇಕಿತ್ತು. ಹಾಗೆ ಒತ್ತಿದ ಮದ್ದು ಕಾಲಕ್ರಮೇಣ ಗಂಟುಕಟ್ಟಿ, ಕೆಲವು ತೋಟಾಗಳ ವೇಗ ಹೇಳಿದ್ದಕ್ಕಿಂತ ಬಹಳ ಕಡಿಮೆಯಾಗುತ್ತಿತ್ತು. 1959ರಲ್ಲಿ ಮೊಜಾಂಬಿಕ್‌ನಲ್ಲಿ ಜ್ಯಾಕ್ ಲಾಟ್ ಎಂಬ ಬೇಟೆಗಾರನನ್ನು ಕಾಡೆಮ್ಮೆಯೊಂದು ಗಾಯಗೊಳಿಸಿತು. ಬದುಕಿ ಬಂದ ಅವನು .458 ವಿಂಚೆಸ್ಟರಿನ ಈ ಕೊರತೆ ನೀಗಲು ಉದ್ದ ಕೊಳವೆಯ .458 ಲಾಟ್ ತೋಟಾವನ್ನು ರೂಪಿಸಿದ.

ಹೆಗಲಿಗೆ ಬೀಳುವ ಒದೆತವೂ ಆಯ್ಕೆಯ ಭಾಗವೇ. ತನ್ನ ಕೋವಿಗೇ ಹೆದರುವವನು ಕುದುರೆ ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುತ್ತಾನೆ, ಮೈ ಬಿಗಿಯುತ್ತಾನೆ, ಗುರಿ ತಪ್ಪುತ್ತದೆ. .470ರಿಂದ ಹೊಟ್ಟೆಗೆ ಹೊಡೆಯುವುದಕ್ಕಿಂತ ಸಣ್ಣ ಅಳತೆಯ .30-06ರಿಂದ ಶ್ವಾಸಕೋಶಕ್ಕೆ ಹೊಡೆಯುವುದು ಎಷ್ಟೋ ಮೇಲು. ತಾನು ಅಭ್ಯಾಸ ಮಾಡಿ, ಸುಲಭವಾಗಿ ನಿಭಾಯಿಸಬಲ್ಲ ತೋಟಾಗಳಲ್ಲಿ, ಕಾನೂನು ಒಪ್ಪುವಂಥ ಅತಿ ಭಾರದ್ದನ್ನು ಆರಿಸುವುದು ಬೇಟೆಗೆ ಅನುಮತಿಯಿರುವ ದೇಶಗಳಲ್ಲಿ ಅನುಭವಿಗಳು ಹೇಳುವ ಮಾತು. ಜೊತೆಗೆ ಸಾಕಷ್ಟು ತೋಟಾ ಇರಬೇಕು. ಚಂಪಾವತದಲ್ಲಿ ಕಾರ್ಬೆಟ್ಟರ ಬಳಿ ಇದ್ದದ್ದು ಮೂರೇ ತೋಟಾ. ಮೂರೂ ಮುಗಿದಾಗ ಗಾಯಗೊಂಡ ಹುಲಿ ಎದುರಿಗಿತ್ತು. ಅವರು ತಹಶೀಲ್ದಾರರ ಕೋವಿಗಾಗಿ ಓಡಬೇಕಾಯಿತು.

ಗುಂಡಿನ ಕೆಲಸ ಪ್ರಾಣಿ ಸತ್ತ ಮೇಲೂ ಮುಗಿಯುವುದಿಲ್ಲವೆಂದು ಜಗತ್ತು ತಿಳಿದದ್ದು ಇತ್ತೀಚೆಗೆ. ಸೀಸದ ಗುಂಡು ದೇಹದೊಳಗೆ ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದ ಸುತ್ತ ದೂರದವರೆಗೆ ಹರಡುತ್ತವೆ. ಸತ್ತ ಜಿಂಕೆಗಳ ಎಕ್ಸ್‌ರೇಯಲ್ಲಿ ಅಂಥ ನೂರಾರು ಚೂರುಗಳು ಕಂಡಿವೆ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸ ತಿಂದ ಹಕ್ಕಿಗಳ ರಕ್ತಕ್ಕೆ ಆ ವಿಷ ಸೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು 1987ರಲ್ಲಿ ಬರೀ 27ಕ್ಕೆ ಇಳಿದಿತ್ತು. ಉಳಿದವನ್ನೆಲ್ಲ ಹಿಡಿದು ಸಾಕಿ, ಮರಿ ಮಾಡಿಸಿ, 1992ರಿಂದ ಮತ್ತೆ ಕಾಡಿಗೆ ಬಿಡತೊಡಗಿದರು. ಕಾಡಿಗೆ ಮರಳಿದ ಹಕ್ಕಿಗಳ ಸಾವಿಗೆ ಮುಖ್ಯ ಕಾರಣ ಸೀಸದ ವಿಷವೇ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಜಪಾನಿನ ಹೊಕ್ಕೈಡೋ ದ್ವೀಪ ತನ್ನ ಕಡಲಹದ್ದುಗಳನ್ನು ಉಳಿಸಲು 2000ದಲ್ಲೇ ಜಿಂಕೆ ಬೇಟೆಗೆ ಸೀಸದ ರೈಫಲ್ ಗುಂಡನ್ನು ನಿಲ್ಲಿಸಿತ್ತು. ತಾಮ್ರದ ಗುಂಡು ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಹೆಚ್ಚು ಉದ್ದವಾಗುತ್ತದೆ, ಬೆಲೆಯೂ ಹೆಚ್ಚು. ಆದರೂ ಅದು ಚೂರಾಗದೆ ಒಂದೇ ತುಂಡಾಗಿ ಆಳಕ್ಕೆ ಹೋಗುತ್ತದೆ. ಇನ್ನು ಮುಂದೆ ಸೀಸವನ್ನು ಸಮರ್ಥಿಸಲು ಕಾರಣವಿದೆಯೆಂದು ನನಗನ್ನಿಸುವುದಿಲ್ಲ.

ನಮ್ಮಲ್ಲಿ ಬೇಟೆಯ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ನಿನಂತೆ, ಮನುಷ್ಯರ ಪ್ರಾಣಕ್ಕೆ ಅಪಾಯವಾದ ಅಥವಾ ಚೇತರಿಸಿಕೊಳ್ಳಲಾಗದಷ್ಟು ರೋಗಗ್ರಸ್ತವಾದ ಹುಲಿ, ಆನೆಯಂಥ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಆದೇಶ ಕೊಡಬೇಕು. ಅದಕ್ಕೂ ಮೊದಲು ಹಿಡಿಯಲು, ಅರಿವಳಿಕೆ ಕೊಡಲು, ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಾತ್ರಿಯಾಗಬೇಕು. ಇದು ಸರಿಯಾದ ಕಾನೂನು. ಅಂಥ ಆದೇಶ ಬಂದ ದಿನ ಕೋವಿ ಹಿಡಿಯುವವರ ಕೈಯಲ್ಲಿ ಯಾವ ತೋಟಾ ಇದೆ ಎಂಬುದನ್ನು ಇಲಾಖೆ ಮೊದಲೇ ನಿರ್ಧರಿಸಿ, ತರಬೇತಿ ಕೊಟ್ಟಿರಬೇಕು. ಕೈಗೆ ಸಿಕ್ಕ ಕೋವಿ ಹಿಡಿದು ಹೊರಡುವ ಕೆಲಸವಲ್ಲ ಅದು.

ಆದರೆ ಬೇಟೆ ನಿಂತರೂ ಕೋವಿ ಮನೆಗಳಲ್ಲಿದೆ. ಕೊಡಗಿನಲ್ಲಿ ಕೋವಿ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೊಳ್ಳುವ ಮನೆತನದ ಗೌರವ. ಕೊಡವರಿಗೆ ಪರವಾನಗಿಯಿಂದ ವಿನಾಯಿತಿಯೂ ಇದೆ. ಮಲೆನಾಡಿನಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳಿವೆ. ಇವುಗಳಲ್ಲಿ ಹೆಚ್ಚಿನವು ಹನ್ನೆರಡರ ಬೋರಿನವು, ತೋಟಾ ಚರೆಯದ್ದು. ಮೇಲಿನ ಲೆಕ್ಕವನ್ನೆಲ್ಲ ಹೇಳಿದ್ದು ಈ ಮಾತಿಗಾಗಿಯೇ. ದಪ್ಪ ಚರೆಯ ಎಲ್‌ಜಿ ತೋಟಾದ ಒಂದು ಉಂಡೆಯ ತೂಕ ಸುಮಾರು ನಾಲ್ಕೂವರೆ ಗ್ರಾಂ, ಮೆದು ಸೀಸ, ದುಂಡಗೆ. ಬೆಲ್ಲನ ಗುಂಡಿಗೆ 0.306 ಎಂದಿದ್ದ ಸಂಖ್ಯೆ ಈ ಉಂಡೆಗೆ 0.08ನ್ನೂ ಮುಟ್ಟುವುದಿಲ್ಲ. ಆನೆಗೆ, ಕಾಟಿಗೆ ಅದು ಹೃದಯದ ಹತ್ತಿರಕ್ಕೂ ಹೋಗದು. ತೊಗಲು ದಾಟಿ ಮಾಂಸದಲ್ಲಿ ಕೂರುತ್ತದೆ, ಕೀವಾಗುತ್ತದೆ, ಕಣ್ಣಿಗೆ ತಾಗಿದರೆ ಕುರುಡಾಗಿಸುತ್ತದೆ, ಕೀಲಿಗೆ ತಾಗಿದರೆ ಜೀವಮಾನವಿಡೀ ಕುಂಟಿಸುತ್ತದೆ. ನೋವಿನಿಂದ ಕೆರಳಿದ ಆ ಆನೆ ಮಾರನೆಯ ದಿನ ಕಾಫಿ ತೋಟದ ದಾರಿಯಲ್ಲಿ ಎದುರಾಗುವುದು ಕೋವಿ ಹೊಡೆದವನಿಗಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟ ಆಳಿಗೆ, ಶಾಲೆಗೆ ಹೊರಟ ಮಗುವಿಗೆ.

ತೋಟ, ಗದ್ದೆ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಒಂದು ರಾತ್ರಿಯಲ್ಲಿ ವರ್ಷದ ಬೆಳೆ ಹೋಗುವುದು ಸಣ್ಣ ನಷ್ಟವಲ್ಲ, ಅದಕ್ಕೆ ಪರಿಹಾರ ಬೇಗ ಸಿಗಬೇಕು, ಇಲಾಖೆಯವರು ಕರೆದಾಗ ಬರಬೇಕು. ಆದರೂ ಕೋವಿ ಇಟ್ಟುಕೊಂಡಿರುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇದು. ಹೆದರಿಸಲೆಂದು ಕೂಡ ಆನೆ, ಕಾಟಿ, ಚಿರತೆಗಳ ಮೈಗೆ ಚರೆ ಹಾರಿಸಬೇಡಿ. ಕುಂಟುವ, ಗಾಯವಿರುವ ದೊಡ್ಡ ಪ್ರಾಣಿ ಕಂಡರೆ ಯಾವ ಕಡೆ ಹೋಯಿತು, ಯಾವ ಕಾಲು ಎಳೆಯುತ್ತಿತ್ತು ಎಂಬುದನ್ನು ಅದೇ ದಿನ ಅರಣ್ಯ ಇಲಾಖೆಗೆ ತಿಳಿಸಿ, ನೆರೆಹೊರೆಯವರನ್ನೂ ಎಚ್ಚರಿಸಿ.